ಕೊನೆ ಟೇಶನ್

ಕೊಟ್ಟೂರಿಗೆ ಹೊಸಬರು ಬಂದು ದಾರಿ ಕೇಳಿದರೆ ನಾವು ಹೇಳುತ್ತಿದ್ದ ಗುರುತು ಎರಡೇ. ಒಂದು, ಗುರು ಕೊಟ್ಟೂರೇಶ್ವರನ ತೇರು ನಿಲ್ಲುವ ಜಾಗ. ಇನ್ನೊಂದು, ಟೇಶನ್. ಅಂಚೆ ಕಚೇರಿ, ಸಂತೆ, ದವಾಖಾನೆ, ಮಿರ್ಚಿ-ಮಂಡಕ್ಕಿ ಅಂಗಡಿ ಎಲ್ಲವೂ ಈ ಎರಡರ ಆಚೆಗೋ ಈಚೆಗೋ. ತೇರಿನ ಕಥೆ ನಾಡಿಗೆಲ್ಲ ಗೊತ್ತಿದೆ. ನಾನು ಟೇಶನ್ನಿನದು ಹೇಳುತ್ತೇನೆ.

ಹೊಸಪೇಟೆಯಿಂದ ನಮ್ಮೂರಿಗೆ ಮೀಟರ್ ಗೇಜ್ ಹಳಿ ಬಂದದ್ದು 1905ರಲ್ಲಿ, ಸದರ್ನ್ ಮರಾಠಾ ರೈಲ್ವೆಯ ಕಾಲಕ್ಕೆ. ಆಗ ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವರು. ಸುಮಾರು 70 ಕಿಲೋಮೀಟರ್ ಓಡಿ ಬಂದ ಹಳಿ ಕೊಟ್ಟೂರಿಗೆ ಮುಗಿಯಿತು. ಹರಪನಹಳ್ಳಿಗೆ ಹಳಿ ಇಲ್ಲ, ಹಡಗಲಿಗಿಲ್ಲ, ತಾಲ್ಲೂಕು ಕೇಂದ್ರವಾದ ಕೂಡ್ಲಿಗಿಗೂ ಇಲ್ಲ. ಮುಂದೆ ಹೋಗುವವರೆಲ್ಲ ಇಲ್ಲೇ ಇಳಿಯಬೇಕು, ಬಂಡಿ ಹಿಡಿಯಬೇಕು. ಹಿಡಿಯುವ ಮುಂಚೆ ಏನಾದರೂ ತಿನ್ನಬೇಕು, ಕೊಳ್ಳಬೇಕು. ಊರಿನ ಪೇಟೆ ಬೆಳೆದದ್ದರಲ್ಲಿ ಆ ಕೊನೆ ಟೇಶನ್ನಿನ ಪಾಲು ದೊಡ್ಡದು.

ನಮ್ಮಜ್ಜನದು ಶೇಂಗಾ ದಲಾಲಿ. ಹೊಸಪೇಟೆಗೆ ಹೊರಟರೆ ಒಳ್ಳೆಯ ಧೋತರ ಉಡುತ್ತಿರಲಿಲ್ಲ. ಎಂಜಿನ್ನಿನ ಕಿಡಿ ಬಿದ್ದು ತೂತಾಗುತ್ತದೆಂಬ ಅಂಜಿಕೆ. ನನ್ನ ಕಣ್ಣಿಗೆ ಕಲ್ಲಿದ್ದಲ ಪುಡಿ ಬಿದ್ದಾಗ ಅಮ್ಮ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಉಫ್ ಎಂದು ಬಿಸಿ ಮಾಡಿ ಒತ್ತುತ್ತಿದ್ದಳು. ರೈಲು ಬಂದು ನಿಂತ ಮೇಲೆ ಹುಡುಗರಿಗೆ ನಿಜವಾದ ಆಟ. ಎಂಜಿನ್ ಬಿಚ್ಚಿ, ಪಕ್ಕದ ಹಳಿಯ ಮೇಲೆ ಹಾಯಿಸಿ, ಹಿಂದಿನ ತುದಿಗೆ ತಂದು ಕಟ್ಟುತ್ತಿದ್ದರು. ಬಾಲ ತಲೆಯಾಯಿತು ಎಂದು ನಾವು ಕೇಕೆ ಹಾಕುತ್ತಿದ್ದೆವು. "ಲೇ, ಹಳಿ ದಾಟಿ ಈ ಕಡೆ ಬರ್ರಲೇ" ಎಂದು ಅಜ್ಜ ಗದರುತ್ತಿದ್ದ.

1990ರ ದಶಕದಲ್ಲಿ ಹಳಿ ಅಗಲ ಮಾಡುತ್ತೇವೆಂದರು. ಸಣ್ಣ ರೈಲು ನಿಂತಿತು. ಹಳಿ ಅಗಲವಾಗಿ, ಹರಪನಹಳ್ಳಿ ಹಾಯ್ದು ಹರಿಹರದವರೆಗೂ ಹೋಯಿತು. ಹೊಸಪೇಟೆಯಿಂದ ಜನ ಕೂರುವ ರೈಲು ಮಾತ್ರ 2019ರವರೆಗೆ ಬರಲಿಲ್ಲ. ಎರಡು ದಶಕ ಟೇಶನ್ ಆ ರೈಲಿಲ್ಲದೆಯೂ ಗುರುತಾಗಿಯೇ ಉಳಿಯಿತು. ಆಟೋದವರು ಅಲ್ಲಿಗೇ ಸವಾರಿ ಕೇಳುತ್ತಿದ್ದರು, ಲಗ್ನಪತ್ರಿಕೆಯ ವಿಳಾಸದಲ್ಲಿ ಅದೇ ಅಚ್ಚಾಗುತ್ತಿತ್ತು. ಅಷ್ಟರಲ್ಲಿ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ನಾವೆಲ್ಲ ವಿಜಯನಗರ ಜಿಲ್ಲೆಯವರಾದೆವು. ಕಚೇರಿಗಳ ಬೋರ್ಡು ಬದಲಾದಷ್ಟು ಸಲೀಸಾಗಿ ಜನರ ಬಾಯಲ್ಲಿನ ಗುರುತು ಬದಲಾಗುವುದಿಲ್ಲ.

ಬದಲಾದದ್ದು ಒಂದೇ. ಈಗ ರೈಲು ಕೊಟ್ಟೂರಿನಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತದೆ. ಇಳಿಯಲೇಬೇಕೆಂಬ ಕಟ್ಟಳೆ ಯಾರಿಗೂ ಇಲ್ಲ. ಹರಪನಹಳ್ಳಿಯವರಿಗೆ ಒಳ್ಳೆಯದಾಯಿತು, ಅದಕ್ಕೆ ಹೊಟ್ಟೆಕಿಚ್ಚು ಪಡಬಾರದು. ನಮ್ಮ ಸುತ್ತಿನ ಊರುಗಳಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗೆ ರೈಲಿದೆ. ಕೂಡ್ಲಿಗಿ, ಹಡಗಲಿಯವರು ಇವತ್ತಿಗೂ ಬಸ್ಸಿಗೇ ಕಾಯುತ್ತಾರೆ.