ಮುಖ ಕಾಣದ ಪಾತ್ರ: 'ಟಾಮ್ ಅಂಡ್ ಜೆರ್ರಿ' ಚಿತ್ರಮಾಲೆಯಲ್ಲಿ ವರ್ಣೀಯ ಪ್ರಾತಿನಿಧ್ಯ

ಅಮೆರಿಕದ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರದೊಡನೆ ಪ್ರದರ್ಶಿತವಾಗುತ್ತಿದ್ದ ಏಳೆಂಟು ನಿಮಿಷಗಳ ಕಾರ್ಟೂನು ಚಿತ್ರಗಳನ್ನು ಬಹುಕಾಲ ಕೇವಲ ವಿನೋದದ ಸಾಮಗ್ರಿಯೆಂದು ಪರಿಗಣಿಸಲಾಗಿತ್ತು. ಒಂದು ಸಮಾಜವು ಯಾರನ್ನು ಕಂಡು ನಗುತ್ತಿತ್ತು ಎಂಬುದನ್ನು ಅರಿಯಲು ಅವು ಮಹತ್ವದ ಆಕರಗಳೂ ಹೌದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಅಣಕಿಸುತ್ತಿದ್ದ 'ಮಿನ್‌ಸ್ಟ್ರೆಲ್' ರಂಗಪ್ರದರ್ಶನಗಳ ರೂಢಿಗಳು ಈ ಚಿತ್ರಗಳಿಗೂ ಹರಿದುಬಂದವು. ಸಿಡಿಮದ್ದು ಸಿಡಿದೊಡನೆ ಪಾತ್ರದ ಮುಖ ಕಪ್ಪಾಗಿ ತುಟಿಗಳು ದಪ್ಪನಾಗುವ ಹಾಸ್ಯವು ಇದಕ್ಕೊಂದು ನಿದರ್ಶನ.

ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಅವರು ಎಂ.ಜಿ.ಎಂ. ಸಂಸ್ಥೆಗಾಗಿ ರೂಪಿಸಿದ 'ಟಾಮ್ ಅಂಡ್ ಜೆರ್ರಿ' ಮಾಲೆಯ ಮೊದಲ ಚಿತ್ರ 'ಪುಸ್ ಗೆಟ್ಸ್ ದ ಬೂಟ್' 1940ರಲ್ಲಿ ಬಿಡುಗಡೆಯಾಯಿತು. ಬೆಕ್ಕನ್ನು ಗದರಿಸುವ ಕಪ್ಪು ಮಹಿಳೆಯೊಬ್ಬಳು ಅದರಲ್ಲಿಯೇ ಕಾಣಿಸಿಕೊಂಡಳು. ಸಾಮಾನ್ಯವಾಗಿ ಪ್ರೇಕ್ಷಕರಿಗೆ ಕಾಣುತ್ತಿದ್ದುದು ಆಕೆಯ ಕಾಲು, ಕೈ ಹಾಗೂ ಮೇಲುಡುಗೆ ಮಾತ್ರ. 'ಮ್ಯಾಮಿ ಟೂ ಶೂಸ್' ಎಂದು ಪ್ರಸಿದ್ಧವಾದ ಈ ಪಾತ್ರಕ್ಕೆ ಧ್ವನಿ ನೀಡಿದವರು ನಟಿ ಲಿಲಿಯನ್ ರ‍್ಯಾಂಡಾಲ್ಫ್. ಚಿತ್ರಗಳ ಶೀರ್ಷಿಕೆಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇದೇ 1940ರಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಕಲಾವಿದೆಯಾದರು. ಅವರಿಗೆ ಆ ಗೌರವ ತಂದುದೂ ದಾಸಿಯ ಪಾತ್ರವೇ. ಕಪ್ಪು ಕಲಾವಿದೆಯರಿಗೆ ತೆರೆದಿದ್ದ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಇಂತಹ ಚಿತ್ರಣಗಳ ವಿರುದ್ಧ ಸಂಘಟಿತ ಪ್ರತಿಭಟನೆ ಬಲಗೊಂಡಿತು. ವಾಲ್ಟರ್ ಲ್ಯಾಂಟ್ಜ್ ನಿರ್ಮಿಸಿದ್ದ 1941ರ ಚಿತ್ರವೊಂದು 1948ರಲ್ಲಿ ಮರುಬಿಡುಗಡೆಯಾದಾಗ, ನಾಗರಿಕ ಹಕ್ಕುಗಳ ಸಂಸ್ಥೆಯಾದ ಎನ್.ಎ.ಎ.ಸಿ.ಪಿ. ಆಕ್ಷೇಪಿಸಿತು, 1949ರಲ್ಲಿ ಯೂನಿವರ್ಸಲ್ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತು. ಮ್ಯಾಮಿ ಪಾತ್ರವೂ ಟೀಕೆಗೊಳಗಾಗಿ, 1952ರ 'ಪುಷ್-ಬಟನ್ ಕಿಟ್ಟಿ' ಚಿತ್ರದ ಬಳಿಕ ಮರೆಯಾಯಿತು.

ಅನಂತರದ ಬೆಳವಣಿಗೆಗಳು ಹೆಚ್ಚು ಜಟಿಲವಾಗಿವೆ. 1960ರ ದಶಕದಲ್ಲಿ ಹಳೆಯ ಚಿತ್ರಗಳನ್ನು ದೂರದರ್ಶನಕ್ಕಾಗಿ ಸಿದ್ಧಪಡಿಸುವಾಗ, ಕೆಲವೆಡೆ ಮ್ಯಾಮಿಯ ಸ್ಥಾನದಲ್ಲಿ ಬಿಳಿಯ ಮಹಿಳೆಯನ್ನು ಚಿತ್ರಿಸಿ ಜೂನ್ ಫೋರೆ ಅವರ ಧ್ವನಿಯನ್ನು ಜೋಡಿಸಲಾಯಿತು. 1990ರ ದಶಕದಲ್ಲಿ ಮೂಲ ಚಿತ್ರವನ್ನು ಉಳಿಸಿಕೊಂಡು, ಆಫ್ರಿಕನ್-ಅಮೆರಿಕನ್ ನಟಿ ಥಿಯಾ ವಿಡಾಲ್ ಅವರಿಂದ ಸಂಭಾಷಣೆಯನ್ನು ಮರುಮುದ್ರಿಸಲಾಯಿತು. ಎರಡೂ ಕ್ರಮಗಳಲ್ಲಿ ರ‍್ಯಾಂಡಾಲ್ಫ್ ಅವರ ಧ್ವನಿ ಅಳಿಸಿಹೋಯಿತು. 1950ರ 'ಸ್ಯಾಟರ್‌ಡೇ ಈವ್ನಿಂಗ್ ಪುಸ್' ಚಿತ್ರದಲ್ಲಿ ಮ್ಯಾಮಿಯು ಗೆಳತಿಯರೊಡನೆ ಇಸ್ಪೀಟು ಆಡಲು ಹೊರಡುತ್ತಾಳೆ. ಮನೆಗೆಲಸದಾಚೆಗೂ ಆಕೆಗೊಂದು ಬದುಕಿತ್ತೆಂದು ಸೂಚಿಸುವ ಈ ಚಿತ್ರದಲ್ಲಿಯೂ ಆಕೆಯ ಬದಲಿಗೆ ಬಿಳಿಯ ಯುವತಿಯೊಬ್ಬಳು ಬಂದಳು. ಅವಹೇಳನವನ್ನು ನಿವಾರಿಸುವ ಯತ್ನವು ಕಪ್ಪು ಮಹಿಳೆಯ ಇರವನ್ನೇ ನಿವಾರಿಸಿದ್ದು ಈ ಪ್ರಸಂಗದ ವಿಪರ್ಯಾಸ.

ಪ್ರಾತಿನಿಧ್ಯದ ಪ್ರಶ್ನೆಯು ತೆರೆಯ ಮೇಲಿನ ಪಾತ್ರಗಳಿಗಷ್ಟೇ ಸೀಮಿತವಲ್ಲ. ಅವುಗಳನ್ನು ಬರೆಯುವ ಕೈಗಳಿಗೂ ಸಂಬಂಧಿಸಿದೆ. ಡಿಸ್ನಿ ಸಂಸ್ಥೆಯ ಮೊದಲ ಆಫ್ರಿಕನ್-ಅಮೆರಿಕನ್ ಅನಿಮೇಷನ್ ಕಲಾವಿದರೆಂದು ಸಾಮಾನ್ಯವಾಗಿ ಗುರುತಿಸಲಾಗುವ ಫ್ಲಾಯ್ಡ್ ನಾರ್ಮನ್ ಅಲ್ಲಿಗೆ ಸೇರಿದ್ದು 1956ರಲ್ಲಿ, ಅಂದರೆ ಮ್ಯಾಮಿ ಮರೆಯಾದ ನಾಲ್ಕು ವರ್ಷಗಳ ಮೇಲೆ.

2005ರಲ್ಲಿ ಹೊರಬಂದ ಡಿ.ವಿ.ಡಿ. ಸಂಪುಟವೊಂದರಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಈ ಚಿತ್ರಗಳ ಜನಾಂಗೀಯ ಪೂರ್ವಗ್ರಹವನ್ನು ಕುರಿತು ಪ್ರಾಸ್ತಾವಿಕವಾಗಿ ಮಾತನಾಡಿದರು. ಮೂಲವನ್ನು ಕಾಪಾಡಿ ಅದರ ದೋಷವನ್ನು ವಿವರಿಸುವ ಈ ಕ್ರಮವು ಸಂಶೋಧನೆಯ ದೃಷ್ಟಿಯಿಂದ ಹೆಚ್ಚು ಯುಕ್ತವಾದುದು. ತಿದ್ದಿದ ಪ್ರತಿಗಳು ಮಾತ್ರ ಉಳಿದಿದ್ದರೆ, ಆ ಕಾಲದ ಪೂರ್ವಗ್ರಹಕ್ಕೂ ಅದರೊಳಗೆ ದುಡಿದ ಕಲಾವಿದೆಯ ಪ್ರತಿಭೆಗೂ ಸಾಕ್ಷ್ಯ ದೊರೆಯುತ್ತಿರಲಿಲ್ಲ.