ಶಾಸನದ ಗ್ರಹಣ, ಆಕಾಶದ ಬಂಡೆ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳಲ್ಲಿ ತಿರುಗಾಡಿದವರಿಗೆ ಶಿಲಾಶಾಸನವೆಂಬುದು ಅಪರೂಪದ ವಸ್ತುವಲ್ಲ. ಗುಡಿಯ ಅಂಗಳದಲ್ಲಿಯೂ ಕೆರೆಯ ದಂಡೆಯಲ್ಲಿಯೂ ನಿಂತಿರುವ ಆ ಕಲ್ಲುಗಳ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿರುವುದುಂಟು. ಕೊಟ್ಟ ದಾನವು ಆಚಂದ್ರಾರ್ಕವಾಗಿ ನಡೆಯಲೆಂಬುದು ಅದರ ಅರ್ಥ. ಪಾನುಂಗಲ್ಲು ಐನೂರನ್ನು ಕದಂಬರು ಆಳುತ್ತಿದ್ದ ಕಾಲದಲ್ಲಿ ಭೂಮಿಯನ್ನು ಧಾರೆಯೆರೆದು ಕೊಡುವುದಕ್ಕೆ ಸಂಕ್ರಮಣ, ಗ್ರಹಣಗಳೇ ಪುಣ್ಯಕಾಲಗಳೆಂದು ಎಣಿಕೆ. ಆದುದರಿಂದ ಶಾಸನ ಬರೆದವನು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಜೊತೆಗೆ ಗ್ರಹಣವನ್ನೂ ನಮೂದಿಸುತ್ತಿದ್ದನು.

ಅವನು ಬರೆದದ್ದು ಪುಣ್ಯಕ್ಕಾಗಿ. ಅದು ಒದಗಿದ್ದು ಇತಿಹಾಸಕ್ಕೆ. ಕಲ್ಲು ಸವೆದು ಶಕವರ್ಷ ಅಳಿಸಿಹೋದರೆ ಸಂವತ್ಸರದ ಹೆಸರೊಂದೇ ಉಳಿಯುತ್ತದೆ. ಅದಾದರೋ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರತಕ್ಕದ್ದು. ಯಾವ ಸುತ್ತಿನ ಸಂವತ್ಸರವೆಂಬ ಸಂಶಯವನ್ನು ಎಷ್ಟೋ ಕಡೆ ಬಿಡಿಸಿದ್ದು ಗ್ರಹಣ. ನಮ್ಮ ಭಾಗದ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರು ಶಾಸನದ ಮಿತಿಗಳನ್ನು ಹೀಗೆ ಗಣಿತದ ಒರೆಗೆ ಹಚ್ಚಿದವರು. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರತಂದ ಪಂಚಾಂಗ ಸಂಪುಟಗಳಿಂದ ಆ ಶ್ರಮ ಎಷ್ಟೋ ಹಗುರಾಯಿತು. ಈಚೆಗೆ ಬೆಂಗಳೂರಿನ ನೆಹರು ತಾರಾಲಯದಲ್ಲಿದ್ದ ಡಾ. ಬಿ. ಎಸ್. ಶೈಲಜಾ ಅವರು ಸಹಲೇಖಕಿಯೊಡನೆ ಶಾಸನಗಳಲ್ಲಿಯ ಆಕಾಶದ ಸಂಗತಿಗಳನ್ನೆಲ್ಲ ಕಲೆಹಾಕಿ 2016ರಲ್ಲಿ ಗ್ರಂಥವನ್ನೇ ರಚಿಸಿದರು.

ಒಂದು ಕಾರಣಕ್ಕೆ ಬರೆದಿಟ್ಟದ್ದು ಮತ್ತೊಂದು ಕೆಲಸಕ್ಕೆ ಒದಗುವ ಈ ಸಂಗತಿ 2004ರಲ್ಲಿ ಲೋಕವೆಲ್ಲ ನೋಡುವಂತೆ ನಡೆಯಿತು. ಆ ವರ್ಷದ ಜೂನ್ 19ರಂದು ಅಮೇರಿಕದ ಕಿಟ್ ಪೀಕ್ ವೇಧಶಾಲೆಯಲ್ಲಿ ಮೂವರು ಖಗೋಲಜ್ಞರು ಒಂದು ಕ್ಷುದ್ರಗ್ರಹವನ್ನು ಕಂಡರು. (ಕ್ಷುದ್ರವೆಂದರೆ ಇಲ್ಲಿ ಚಿಕ್ಕದು ಎಂದಷ್ಟೇ, ಹೆಸರು ಕೇಳಿ ಅದನ್ನು ಕೇಡಿಗನೆಂದು ಎಣಿಸಬೇಕಾಗಿಲ್ಲ.) ಮುಂದೆ ಅದಕ್ಕೆ ಅಪೋಫಿಸ್ ಎಂದು ಹೆಸರಾಯಿತು. ಈಜಿಪ್ತಿನ ಪುರಾಣದಲ್ಲಿ ಸೂರ್ಯದೇವನನ್ನು ಇರುಳಿರುಳೂ ಅಡ್ಡಗಟ್ಟುವ ಮಹಾಸರ್ಪ ಅದು. ನಮ್ಮ ರಾಹುವಿನ ಬಳಗದವನೆನ್ನಬಹುದು. ಸುಮಾರು 340 ಮೀಟರ್ ಅಡ್ಡಳತೆಯ ಈ ಬಂಡೆ 324 ದಿನಗಳಲ್ಲಿ ಸೂರ್ಯನನ್ನು ಸುತ್ತುತ್ತ, ಭೂಮಿಯ ದಾರಿಯನ್ನು ದಾಟಿಹೋಗುತ್ತದೆ.

ಡಿಸೆಂಬರ್ ಕೊನೆಗೆ ಲೆಕ್ಕವು ಗಾಬರಿ ಹುಟ್ಟಿಸಿತು. 2029ರ ಏಪ್ರಿಲ್ 13ರಂದು ಅದು ಭೂಮಿಗೆ ಬಡಿಯುವ ಸಂಭವ 37ರಲ್ಲಿ 1 ಎಂದಾಯಿತು. ಮೂವತ್ತೇಳು ಹುಡುಗರ ತರಗತಿಯಲ್ಲಿ ಒಂದು ಚೀಟಿ ಎತ್ತಿದರೆ ಮೊದಲೇ ಗೊತ್ತುಮಾಡಿದ ಒಬ್ಬನ ಹೆಸರೇ ಬರಬಹುದಲ್ಲ, ಅಂಥ ಸಂಭವ. ಬೇರಾವ ಕ್ಷುದ್ರಗ್ರಹಕ್ಕೂ ಅಪಾಯದ ಮಾನದಲ್ಲಿ ಅಷ್ಟು ಮೇಲಿನ ಅಂಕ ಬಂದಿಲ್ಲ. ಕೆಲವೇ ತಿಂಗಳ ವೇಧೆಯಿಂದ ಇಪ್ಪತ್ತೈದು ವರ್ಷಗಳ ಮುಂದಿನದನ್ನು ಗುಣಿಸುವಾಗ ಕೂದಲೆಳೆಯ ತಪ್ಪೂ ಲಕ್ಷಗಟ್ಟಲೆ ಮೈಲುಗಳಾಗಿ ಬೆಳೆಯುತ್ತದೆ. ಬೇಕಾದದ್ದು ಹೊಸ ನೋಟವಲ್ಲ, ಹಳೆಯದು. ಹುಡುಕಿದಾಗ ಸಿಕ್ಕಿತು: ಅದೇ ಮಾರ್ಚ್ 15ರಂದು, ಅಂದರೆ ಶೋಧಕ್ಕೆ ಮೂರು ತಿಂಗಳು ಮೊದಲೇ, ಬೇರೊಂದು ವೇಧತಂಡವು ತೆಗೆದ ಚಿತ್ರಗಳಲ್ಲಿ ಆ ಬಂಡೆ ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಅದನ್ನು ಸೇರಿಸಿ ಗುಣಿಸಿದೊಡನೆ, ಡಿಸೆಂಬರ್ 27ರಂದು, 2029ರ ಭಯ ಅಳಿಯಿತು.

ನಮ್ಮ ನೆಲಕ್ಕೆ ಇಂಥ ಬಂಡೆಗಳ ಚೂರು ಬಿದ್ದೇ ಇಲ್ಲವೆಂದಲ್ಲ. ಹಿರೇಕೆರೂರಿಗೆ ಹೊಂದಿಕೊಂಡ ಅಂದಿನ ಶಿವಮೊಗ್ಗ ಜಿಲ್ಲೆಯ ಕಂಸಾಗರದಲ್ಲಿ 1902ರಲ್ಲಿ ಬಿದ್ದ ಉಲ್ಕಾಶಿಲೆಯ ಹೆಸರು ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿದೆ.

ಅಪೋಫಿಸಿನ ವಿಚಾರ ಅಲ್ಲಿಗೇ ತೀರಲಿಲ್ಲ. ಹಗಲೆಲ್ಲ ಬಿಸಿಲಿನಲ್ಲಿ ಕಾದ ಕಲ್ಲು ದೀಪ ಹಚ್ಚುವ ಹೊತ್ತಿಗೂ ಕಾವು ಬಿಡುತ್ತಿರುವುದನ್ನು ಗುಡಿಕಟ್ಟೆಯ ಮೇಲೆ ಕುಳಿತವರು ಬಲ್ಲರು. ಆ ಬಂಡೆಯೂ ಉರುಳುತ್ತ ಹಾಗೆಯೇ ಕಾವು ಬಿಡುತ್ತದೆ. ಆ ಕಾವಿನ ಒತ್ತಿನಿಂದ ಅದರ ಕಕ್ಷೆ ವರ್ಷಕ್ಕೆ ನೂರಿನ್ನೂರು ಮೀಟರ್ ಒಳಸರಿಯುತ್ತದೆ. ಈ ಲೆಕ್ಕ ಕೂಡದಿದ್ದುದರಿಂದ 2068ರ ಸಂಶಯ ಬಹುಕಾಲ ಉಳಿದಿತ್ತು. 2021ರ ಮಾರ್ಚ್‌ನಲ್ಲಿ ರೇಡಾರ್ ಕಿರಣಗಳನ್ನು ಹಾಯಿಸಿ ಅಳೆದ ಮೇಲೆ, ನೂರು ವರ್ಷಗಳವರೆಗೆ ಅಪಾಯವಿಲ್ಲವೆಂದು ನಿಶ್ಚಯವಾಯಿತು.

2029ರಲ್ಲಿ ಅದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುವುದು. ನಮ್ಮ ದೂರದರ್ಶನದ ಉಪಗ್ರಹಗಳು ಇದಕ್ಕಿಂತ ಮೇಲೆ, ಸುಮಾರು 36,000 ಕಿಲೋಮೀಟರಿನಲ್ಲಿ ನೆಲೆಸಿವೆ. ಯುರೋಪು, ಆಫ್ರಿಕ, ಪಶ್ಚಿಮ ಏಷ್ಯದ ಜನ ಅದನ್ನು ಬರಿಗಣ್ಣಿನಿಂದ ನೋಡಬಹುದು. ಅತಿ ಸಮೀಪಕ್ಕೆ ಬರುವ ಕ್ಷಣವು ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ ಮೂರು ಗಂಟೆಯ ಮೇಲೆ. ಆಗ ಅದು ಅಟ್ಲಾಂಟಿಕ್ ಸಾಗರದ ಮೇಲಿರುತ್ತದೆ. ಅಷ್ಟು ಹತ್ತಿರ ಬಂದಾಗ ಭೂಮಿಯ ಸೆಳೆತವು ಅದರ ದಾರಿಯನ್ನೇ ಬಾಗಿಸುವುದರಿಂದ, 324 ದಿನಗಳ ಅದರ ವರ್ಷ ಹೆಚ್ಚುಕಡಿಮೆ ಹದಿನಾಲ್ಕು ತಿಂಗಳಾಗುತ್ತದೆ. ಆ ರಾತ್ರಿ ಕಳೆದ ಮೇಲೆ ಖಗೋಲಜ್ಞರು ಅದರ ಪಂಚಾಂಗವನ್ನು ಹೊಸದಾಗಿ ಬರೆಯತೊಡಗುವರು.