ನಮ್ಮ ಮನಿ ಮುಂದಿನ ಹಗೇವು

1/6

ಮೊದಲನೇ ಫೋಟೊ ನೋಡ್ರಿ. ಬೈಕ್ ನಿಲ್ಲಿಸಿರೋ ಸಿಮೆಂಟ್ ನೆಲ. ನಡುವ ದುಂಡಗೆ ಒಂದು ಬಿರುಕು ಕಾಣ್ತದಲ್ಲ, ಅದರ ಕೆಳಗ ನಮ್ಮ ಮನೆತನದ ಹಗೇವು ಐತಿ. ಹುನಗುಂದ ತಾಲ್ಲೂಕಿನ ನಮ್ಮೂರಾಗ ಇಂಥವು ಓಣಿಗೆ ನಾಲ್ಕೈದು ಇದ್ದುವಂತ.

ಗೊತ್ತಿಲ್ಲದವರಿಗೆ: ಹಗೇವು ಅಂದ್ರ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ತಳಕ್ಕೂ ಗೋಡೆಗೂ ಒಣಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಾರಣ ಹುಳ ಬದುಕೋದಿಲ್ಲ, ಜೋಳ ವರ್ಷಗಟ್ಟಲೆ ಉಳೀತಿತ್ತು. ತೆಗೆದ ಕೂಡಲೇ ಒಳಗ ಇಳಿಯೋ ಹಾಗಿಲ್ಲ, ಕೆಟ್ಟ ಗಾಳಿಗೆ ಜೀವ ಹೋಗ್ತದ. ಬಾಯಿ ತೆರೆದಿಟ್ಟು, ದೀಪ ಇಳಿಸಿ, ಅದು ಆರಲಿಲ್ಲ ಅಂದ್ರ ಮಾತ್ರ ಮನುಷ್ಯ ಇಳೀಬೇಕು.

ಈಗ ಯಾಕ ಇದನ್ನ ಬರೀತಿದ್ದೀನಿ ಅಂದ್ರ, ಹಿಂಗಾರಿ ಬಿತ್ತನೆಗೆ ತಿಂಗಳೂ ಉಳಿದಿಲ್ಲ. ಅಪ್ಪ ಮೊನ್ನೆ ಊಟಕ್ಕ ಕುಂತಾಗ ಅಂದ್ರು, "ಈ ವರ್ಷ ಜೋಳ ಬ್ಯಾಡ, ನಾಲ್ಕೂ ಎಕರೆ ಕಡಲಿ ಬಿತ್ತೋಣ." ಆಯಿ ಏನೂ ಅನ್ನಲಿಲ್ಲ. ಕೈಯಾಗಿನ ರೊಟ್ಟಿ ಕೆಳಗಿಟ್ಟು ಎದ್ದು ಹೋದಳು.

2/6

ಬಿಕಾಂ ಓದೋ ನಮಗೆ ವ್ಯಾಪಾರ ಅಂದ್ರ ಮುಂಬೈ, ಶೇರು ಮಾರ್ಕೆಟ್ಟು. ಆದರ ಒಂದು ಕಾಲಕ್ಕ ದಖ್ಖನಿನ ದೊಡ್ಡ ವ್ಯಾಪಾರಿ ಸಂಘದ ಹೆಸರಿನಾಗೇ ನಮ್ಮ ತಾಲ್ಲೂಕಿನ ಊರು ಇತ್ತು: ಅಯ್ಯಾವೊಳೆ ಐನೂರ್ವರು. ಅಯ್ಯಾವೊಳೆ ಅಂದ್ರ ನಾವು ಪಿಕ್ನಿಕ್‌ಗೆ ಹೋಗಿ ದುರ್ಗದ ಗುಡಿ ಮುಂದ ಸೆಲ್ಫಿ ಹೊಡೆಯೋ ಐಹೊಳೆ.

ಎತ್ತಿನ ಮೇಲೆ ಹೇರು ಹೊರಿಸಿಕೊಂಡು ತಮಿಳುನಾಡಿನ ತನಕ ಹೋದ ಮಂದಿ ಅವರು. ಅವರಿಗೆ ತಮ್ಮದೇ ಕಟ್ಟಳೆ ಇತ್ತು, ಬಣಂಜುಧರ್ಮ ಅಂತ. ಶಾಸನಗಳೊಳಗ ಮತ್ತೆ ಮತ್ತೆ ಕಾಣೋದು ಏನಪ್ಪಾ ಅಂದ್ರ, ಮಾರೋ ಸರಕಿನ ಮೇಲೆ, ಹೇರಿಗೆ ಇಷ್ಟು ಅಂತ, ತಾವೇ ಕೂಡಿ ಗೊತ್ತುಮಾಡಿ ಗುಡಿಗೆ ದತ್ತಿ ಬಿಡೋದು. ಅಂದ್ರ ಲಾಭ ಒಬ್ಬೊಬ್ಬರದು, ಆದರ ಅದರಾಗ ಒಂದು ಪಾಲು ಎಲ್ಲರದು ಅಂತ ಮೊದಲೇ ಮಾತಾಗಿತ್ತು.

"ಮೊದಲೇ ಮಾತಾಗಿತ್ತು" ಅನ್ನೋದನ್ನ ನೆನಪಿಟ್ಟುಕೊಳ್ರಿ. ಮುಂದ ಬೇಕಾಗ್ತದ.

3/6

ಬಾದಾಮಿ ಬನಶಂಕರಿ ಜಾತ್ರಿಗೆ ಹೋಗದವರು ನಮ್ಮ ಕ್ಲಾಸಿನಾಗ ಯಾರಿದ್ದೀರಿ? ನಾಟಕ, ಜೋಕಾಲಿ, ಮಿರ್ಚಿ ಎಲ್ಲಾ ಖರೇ. ಆದರ ತೇರಿಗೆ ಮುಂಚೆ ನಡೆಯೋ ಪಲ್ಯೇದ ಹಬ್ಬ ನೋಡಿದ್ದೀರೇನು? ದೇವಿಗೆ 108 ಬಗೆ ಪಲ್ಯ ಎಡಿ ಹಿಡಿತಾರ.

ಬನಶಂಕರಿಯ ಇನ್ನೊಂದು ಹೆಸರು ಶಾಕಂಭರಿ. ಮಳಿ ಇಲ್ಲದ ಕಾಲದಾಗ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಮಂದಿಯನ್ನ ಬದುಕಿಸಿದಾಕಿ ಅಂತ ಕಥಿ. ಬರದ ಸೀಮೆಯ ಮಂದಿ ಎಂಥಾ ದೇವರನ್ನ ಆರಿಸಿಕೊಂಡಾರ ನೋಡ್ರಿ! ನಂಬೋದು ಬಿಡೋದು ನಿಮಗ ಬಿಟ್ಟದ್ದು. ನನಗ ಮಾತ್ರ ಆ 108 ಒಂದು ಪಟ್ಟಿ ಹಂಗ ಕಾಣ್ತದ: ಈ ನೆಲದಾಗ ಏನೇನು ಬೆಳೀತದ, ಮರೀಬ್ಯಾಡ್ರಿ ಅಂತ ವರ್ಷಕ್ಕೊಮ್ಮೆ ಹಾಜರಿ ಕರೆದಂಗ. ನಮ್ಮ ವಾರದ ಸಂತಿಯಾಗ ಈಗ ಎಷ್ಟು ಬಗೆ ಸೊಪ್ಪು ಸಿಗ್ತದ, ಎಣಿಸಿ ನೋಡ್ರಿ.

4/6

ಇದು ಓದೋಕೆ ಕಷ್ಟ ಆಗ್ತದ, ಆದ್ರೂ ಓದ್ರಿ.

1876. ಆಗ ನಮ್ಮದು ಕಲಾದಗಿ ಜಿಲ್ಲೆ. ಹೌದು, ದಾಳಿಂಬ್ರಿ ಕಲಾದಗೀನೇ ಜಿಲ್ಲಾ ಕೇಂದ್ರ. ಮಳೆ ಕೈಕೊಟ್ಟಿತು. ಜಿಲ್ಲೆಗೆ ರೈಲು ಇನ್ನೂ ಬಂದಿರಲಿಲ್ಲ. ಕಂದಾಯ ರೊಕ್ಕದಾಗೇ ಕಟ್ಟಬೇಕು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಹತ್ತಿಗೆ ಬಂಗಾರದ ಬೆಲೆ ಬಂದು ಇಳಿದು ಹೋಗಿತ್ತು. ಜೋಳದ ಬೆಲೆ ಏರಿತು, ಕೂಲಿಕಾರನ ಕೈಯಾಗ ಕಾಸಿಲ್ಲ.

1877ರ ಜನವರಿಯಲ್ಲಿ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಗಳ ಕೂಲಿ ಇಳಿಸಿದ: ದಿನಕ್ಕೆ ಒಂದು ಪೌಂಡ್, ಅಂದ್ರ ಅರ್ಧ ಕಿಲೋನೂ ಅಲ್ಲ, ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಪುಡಿಗಾಸು. ಕಲ್ಲು ಒಡೆಯೋ ಮನುಷ್ಯನಿಗೆ! ಮುಂಬೈ ಪ್ರಾಂತ್ಯದ ಕೂಲಿಕಾರರು ಕೆಲಸ ಬಿಟ್ಟು ಎದ್ದು ನಡೆದರು, ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು. ಅದೇ ಹೊತ್ತಿನಲ್ಲಿ, 1877-78ರೊಳಗ, ಭಾರತದಿಂದ ಇಂಗ್ಲೆಂಡಿಗೆ ಸುಮಾರು 3 ಲಕ್ಷ 20 ಸಾವಿರ ಟನ್ ಗೋಧಿ ಹೋಯಿತು.

ಜನಗಣತಿ ಏನು ಹೇಳ್ತದ? ನಮ್ಮ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷ 16 ಸಾವಿರ ಮಂದಿ. 1881ರಲ್ಲಿ 6 ಲಕ್ಷ 38 ಸಾವಿರ. ಸತ್ತವರು, ಊರು ಬಿಟ್ಟವರು ಎಲ್ಲ ಸೇರಿ ಐದರಲ್ಲಿ ಒಬ್ಬರು ಇಲ್ಲ. ನಿಮ್ಮ ಬೆಂಚಿನಾಗ ಐದು ಮಂದಿ ಕುಂತೀರಿ ಅನ್ಕೊಳ್ರಿ. ಒಬ್ಬರ ಜಾಗ ಖಾಲಿ.

ದೇಶದಾಗ ಧಾನ್ಯ ಇತ್ತು. ಅದು ಹಸಿದವರ ಕಡೆ ಬರಲಿಲ್ಲ, ರೊಕ್ಕ ಇದ್ದವರ ಕಡೆ ಹೋಯಿತು. ಹಗೇವು ಇದ್ದ ಮನಿ ತಡೀತು, ಇಲ್ಲದ್ದು ತಡೀಲಿಲ್ಲ. ಹಂಗಾಗಿ ಹಳೆ ಕಾಲ ಭಾಳ ಛಲೋ ಇತ್ತು ಅಂತ ನಾನು ಅನ್ನೋದಿಲ್ಲ. ಹೊಲ ಇಲ್ಲದವರಿಗೆ ಹಗೇವು ಎಲ್ಲಿಂದ ಬರಬೇಕು?

5/6

ಈಗ ಅಪ್ಪನ ಲೆಕ್ಕ. ನಾನು ಪೆನ್ನು ತಗೊಂಡು ಕುಂತೆ, ವಾದ ಮಾಡಿ ಗೆಲ್ಲಬೇಕಂತ. ಸೋತೆ.

ಬಿಳಿಜೋಳ ಕೀಳಾಕ, ತೆನಿ ಮುರಿಯಾಕ ಆಳು ಸಿಗೋದಿಲ್ಲ, ಸಿಕ್ಕರೂ ಕೂಲಿ ಕೈಸುಡ್ತದ. ಮೊದಲು ಜೋಳದ ಅರ್ಧ ಲಾಭ ಕಣಿಕಿಯೊಳಗ ಇತ್ತು, ಎತ್ತಿಗೆ ಎಮ್ಮಿಗೆ ವರ್ಷದ ಮೇವು. ಎತ್ತು ಮಾರಿ ಆರು ವರ್ಷ ಆಯ್ತು. ಕಣಿಕಿ ಯಾರಿಗೆ? ಕಡಲಿ ಆದರ ಬೇಗ ಬರ್ತದ, ಮಷೀನಿಗೆ ಕೊಡಬಹುದು, ಮಾರ್ಕೆಟ್ಟಿನಾಗ ರೊಕ್ಕ ಸಿಗ್ತದ.

ನದಿ ದಂಡಿಯ ಕಥಿ ಬ್ಯಾರೆ. ಆಲಮಟ್ಟಿ ಹಿನ್ನೀರಿನಾಗ ಎರಿ ಹೊಲ ಮುಳುಗಿದವು, ಹಳೆ ಬಾಗಲಕೋಟೆಯ ಓಣಿಗಳೂ ಮುಳುಗಿದವು, ಮಂದಿ ನವನಗರಕ್ಕ ಬಂದರು. ಮುಧೋಳ, ಜಮಖಂಡಿ ಕಡೆ ನೀರು ಸಿಕ್ಕಲ್ಲೆಲ್ಲ ಕಬ್ಬು. ಇಳಕಲ್ಲಿನಾಗ ಮಗ್ಗದ ಮನಿಗಳು ಮೊದಲಿಂದಲೂ ಜೋಳ ಕೊಂಡೇ ತಿನ್ನೋವು. ಕಿಲೋ ಜೋಳದ ಬೆಲೆ ಏರಿದರ ಅವರ ಮನಿಯಾಗ ಏನಾಗ್ತದ? ಬೆಳೆಯೋ ನಮಗ ಬೆಲೆ ಸಾಲದು, ನೇಯೋ ಅವರಿಗೆ ಬೆಲೆ ಭಾರ. ಇಬ್ಬರೂ ಸುಳ್ಳು ಹೇಳ್ತಿಲ್ಲ.

6/6

ಹಂಗಾದ್ರ ದಾರಿ?

"ನಾವೆಲ್ಲ ಸಿರಿಧಾನ್ಯ ತಿನ್ನೋಣ" ಅಂತ ಪೋಸ್ಟರ್ ಹಚ್ಚಿದರ ಆಗೋದಿಲ್ಲ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತು, ನಾವೂ ಕಾಲೇಜಿನಾಗ ಪೋಸ್ಟರ್ ಹಚ್ಚಿದ್ವಿ. ಅವತ್ತು ಮೆಸ್ಸಿನಾಗ ಅನ್ನ-ಸಾಂಬಾರ್ ಇತ್ತು.

ಅಯ್ಯಾವೊಳೆಯ ವ್ಯಾಪಾರಿಗಳು, ಬನಶಂಕರಿಯ ಎಡಿ, ಹಗೇವಿನ ಹಾಸುಗಲ್ಲು: ಮೂರರಾಗೂ ಒಂದೇ ಬುದ್ಧಿ ಐತಿ. ಕಷ್ಟ ಬರೋಕಿಂತ ಮುಂಚೆ ಮಾತು ಆಗಿರಬೇಕು. 1876ರಲ್ಲಿ ಅಂಥಾ ಮಾತು ಎಲ್ಲರ ಪರವಾಗಿ ಯಾರೂ ಆಡಿರಲಿಲ್ಲ.

ನಮ್ಮ ಕೈಲಾಗೋ ಒಂದು ಮಾತು ಹೇಳ್ತೀನಿ. ನಮ್ಮ ಹಾಸ್ಟೆಲಿನಾಗ ಎಷ್ಟು ಮಂದಿ ವಾರಕ್ಕ ಮೂರು ದಿನ ರೊಟ್ಟಿ ತಿಂತೀರಿ, ಎಣಿಸೋಣ. ಅದಕ್ಕ ವರ್ಷಕ್ಕ ಎಷ್ಟು ಚೀಲ ಜೋಳ ಬೇಕು, ಲೆಕ್ಕ ಹಾಕೋಣ. ಬಿತ್ತೋಕಿಂತ ಮುಂಚೆ, ಇಷ್ಟು ಚೀಲ ಇಷ್ಟು ಬೆಲೆಗೆ ತಗೋತೀವಿ ಅಂತ ನಾಲ್ಕು ರೈತರಿಗೆ ಬರೆದು ಕೊಡೋಣ. ರೊಟ್ಟಿ ಬಡಿಯೋ ಹೆಣ್ಮಕ್ಕಳಿಗೆ ಕೂಲಿ ಮೊದಲೇ ಗೊತ್ತುಮಾಡೋಣ. ಬೆಲೆ ಕಟ್ಟುವಾಗ ಬೆಳೆಯೋರು, ಬಡಿಯೋರು, ತಿನ್ನೋರು ಮೂವರೂ ಕುಂತಿರಬೇಕು. ಇಷ್ಟೇ. ನಾವು ಕಾಸ್ಟಿಂಗ್ ಪೇಪರ್ ಬರೆಯೋ ಮಂದಿ, ಇಷ್ಟು ಬರೋದಿಲ್ಲೇನು?

ಅಪ್ಪಗ ಇದನ್ನ ಹೇಳಿದೆ. ನಕ್ಕರು. ಆಮೇಲೆ ಅಂದ್ರು, "ಕಾಗದದ ಮ್ಯಾಲೆ ಬರೆಸಿಕೊಂಡು ಬಾ. ಒಂದು ಎಕರೆ ಬಿಡ್ತೀನಿ."

ಆಯಿಗೆ ಇನ್ನೂ ಹೇಳಿಲ್ಲ. ಕಾಗದ ಕೈಗೆ ಬಂದ ಮೇಲೇ ಹೇಳ್ತೀನಿ.

ಹಾಸ್ಟೆಲಿನವರು ಕಮೆಂಟಿನಾಗ "ರೊಟ್ಟಿ" ಅಂತ ಬರೀರಿ, ಎಣಿಕೆ ನಾನು ಮಾಡ್ತೀನಿ. ನಿಮ್ಮ ಮನಿಯಾಗೂ ಹಗೇವು ಇದ್ರ ಫೋಟೊ ಕಳಿಸ್ರಿ. ಮುಚ್ಚಿದ್ದರೂ ನಡೀತದ, ನಮ್ಮದೂ ಮುಚ್ಚೇ ಐತಿ.

#ಬಾಗಲಕೋಟೆ #ಹುನಗುಂದ #ಬಾದಾಮಿ #ಇಳಕಲ್ #ಬಿಳಿಜೋಳ #ನಮ್ಮೂರಇತಿಹಾಸ